ಮಾವಿನ ತೋಪಿನ ಗುಂಡು

ಹೋದ ವಾರ ನಮ್ಮ ಬೀದಿಯಲ್ಲಿ ನೀರಿನ ಪೈಪು ಹಾಕಲು ಅಗೆದಿದ್ದರು. ಬೆಳಗಿನ ಹನಿ ಮಳೆಗೆ ಆ ಕೆಮ್ಮಣ್ಣು ನೆನೆದು, ಒಳಗಿದ್ದ ಹಳೇ ಪೈಪಿನ ತುಕ್ಕಿನ ವಾಸನೆಯನ್ನೂ ಸೇರಿಸಿಕೊಂಡು ಬಾಗಿಲಿಗೆ ಬಂತು. ಹಾಲು ತರಲು ಹೊರಟವನು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟೆ. ಒಳಗಿನಿಂದ ನನ್ನ ಹೆಂಡತಿ ಸರೋಜ, "ಏನ್ರೀ, ಮತ್ತೇನಾದ್ರೂ ಸಿಕ್ತಾ?" ಎಂದಳು. ತಮಾಷೆಗೇ ಕೇಳಿದ್ದು. ಆದರೂ ನನ್ನ ಕಿವಿ ಬಿಸಿಯಾಯಿತು. ಅಕ್ಕನ ಊರಿನಲ್ಲಿ ಕಳೆದ ಆ ಒಂದು ಮಾವಿನ ಸುಗ್ಗಿ ನೆನಪಾದಾಗಲೆಲ್ಲ ನನಗೆ ಹೀಗೇ ಆಗುತ್ತದೆ.

ನಾನು ಸೈನ್ಯದಲ್ಲಿದ್ದವನು. ಗಡಿಯಲ್ಲಿ ಬಂದೂಕು ಹಿಡಿದು ನಿಂತವನಲ್ಲ, ಮದ್ದುಗುಂಡುಗಳ ಉಗ್ರಾಣದಲ್ಲಿ ದುಡಿದವನು. ಶೆಲ್ಲುಗಳನ್ನು ಪರೀಕ್ಷಿಸುವುದು, ಹಳತಾದದ್ದನ್ನು ಬೇರ್ಪಡಿಸುವುದು, ಕೆಟ್ಟದ್ದನ್ನು ಬಯಲಿಗೆ ಒಯ್ದು ನಾಶಮಾಡುವುದು ನನ್ನ ಕೆಲಸ. ಸುಬೇದಾರನಾಗಿ ನಿವೃತ್ತನಾದ ಮೇಲೆ ಕೋಲಾರದಲ್ಲಿ ಮನೆ ಮಾಡಿಕೊಂಡು, ಒಂದು ಗೋದಾಮಿನ ಕಾವಲಿನ ಉಸ್ತುವಾರಿ ನೋಡಿಕೊಂಡಿದ್ದೆ. ಅಕ್ಕ ರತ್ನಮ್ಮನನ್ನು ಕೊಟ್ಟಿದ್ದು ಯಲ್ದೂರಿನ ಆಚೆಗಿನ ಒಂದು ಸಣ್ಣ ಊರಿಗೆ. ಅಲ್ಲಿ ಎಲ್ಲರಿಗೂ ನಾನು ಸುಬೇದಾರ್ರು. ನನ್ನ ಹೆಸರು ವೆಂಕಟೇಶ ಎಂದು ಅಲ್ಲಿ ಅಕ್ಕ, ಭಾವ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ.

ಆ ವರ್ಷ ಮಾವು ಚೆನ್ನಾಗಿ ಹಿಡಿದಿತ್ತು. ಬಾದಾಮಿ ಮುಗಿಯುತ್ತಾ ಬಂದು ತೋತಾಪುರಿ ಶುರುವಾಗಿತ್ತು. ದಾರಿಯುದ್ದಕ್ಕೂ ಹಣ್ಣಿನ ಲಾರಿಗಳು, ಹುಲ್ಲು ಹಾಸಿದ ಕ್ರೇಟುಗಳು, ಬಿಸಿಲಿಗೆ ಕಾದ ಎಲೆಯ ಘಾಟು. ಅಕ್ಕನ ಮಗಳು ಪವಿತ್ರಳ ನಿಶ್ಚಿತಾರ್ಥಕ್ಕೆಂದು ನಾನೂ ಸರೋಜಳೂ ಹಿಂದಿನ ದಿನವೇ ಹೋಗಿದ್ದೆವು. ಗಂಡಿನವರು ಮಾಲೂರಿನವರು. ಹುಡುಗನಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ಎರಡು ವರ್ಷ ಜಾತಕ, ಗಳಿಗೆ ಎಂದು ಎಳೆದಾಡಿ ಕೊನೆಗೂ ಕೂಡಿಬಂದ ಸಂಬಂಧ. ಅಂಗಳದಲ್ಲಿ ಚಪ್ಪರ ಹಾಕಿಸಿ ಭಾವ ಶ್ರೀನಿವಾಸಪ್ಪ ಮಾವಿನೆಲೆಯ ತೋರಣ ಕಟ್ಟುತ್ತಿದ್ದರು.

ಹೊತ್ತು ಇಳಿಯುವಾಗ ಪಕ್ಕದ ತೋಪಿನಿಂದ ಪಿಳ್ಳಪ್ಪ ಓಡಿಬಂದ. ತೋಪು ಅವನದು. ಅದರ ತಗ್ಗಿನಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದ. ಅದು ಅಕ್ಕನ ಮನೆಯ ಹಿತ್ತಿಲಿಗೆ ಕೂಗಳತೆ ದೂರ.

"ಸುಬೇದಾರ್ರೇ, ಬನ್ನಿ ಒಂದ್ಸಲ. ಜೆಸಿಬಿ ಬಾಯಿಗೆ ಏನೋ ಸಿಕ್ಕೈತೆ. ಹೈದರಾಲಿ ಗುಂಡೇ ಇರ್ಬೇಕು!"

ನಮ್ಮದು ಹೈದರಾಲಿ ಹುಟ್ಟಿದ ಸೀಮೆ. ಭೂಮಿಯಿಂದ ಯಾವ ಹಳೇ ಕಬ್ಬಿಣ ಮೇಲೆ ಬಂದರೂ ಮೊದಲು ಅವನ ಖಾತೆಗೇ ಸೇರುತ್ತದೆ. ನಗುತ್ತಲೇ ಹೋದೆ. ಹೊಂಡದ ಏರಿಯ ಮೇಲೆ, ಆಗಲೇ ಸೇರಿದ್ದ ಜನರ ಕಾಲುಗಳ ನಡುವೆ, ಅದು ಮಲಗಿತ್ತು. ಮೊಳಕ್ಕಿಂತ ಕಡಿಮೆ ಉದ್ದ, ತುದಿ ಚೂಪು. ಮೈತುಂಬ ಜೇಡಿಮಣ್ಣು ಹಪ್ಪಳಗಟ್ಟಿತ್ತು. ಬುಡದ ಹತ್ತಿರ ಮಾತ್ರ ಯಂತ್ರದ ಹಲ್ಲು ತಾಗಿ ಮಣ್ಣು ಎದ್ದು, ಹಸಿರುಗಟ್ಟಿದ ಒಂದು ತಾಮ್ರದ ಪಟ್ಟಿ ಕಾಣುತ್ತಿತ್ತು. ಆ ಪಟ್ಟಿ ಕಂಡ ಕೂಡಲೇ ನನ್ನ ನಗು ನಿಂತಿತು.

"ಇದು ಹೈದರನ ಕಾಲದ್ದಲ್ಲ ಪಿಳ್ಳಪ್ಪ," ಎಂದೆ. "ಅವನ ಫಿರಂಗಿಗಳ ಒಳಮೈ ನುಣ್ಣಗಿರ್ತಿತ್ತು, ಹಾರಿಸೋದು ದುಂಡನೆ ಗುಂಡು. ಈ ತಾಮ್ರದ ಪಟ್ಟಿ ಬೇಕಾಗೋದು ನಳಿಗೆಯೊಳಗೆ ತಿರುಪಿನ ಗೆರೆ ಇರೋ ಫಿರಂಗಿಗೆ. ಗುಂಡು ಗಿರಗಿರ ಸುತ್ತುತ್ತಾ ಹೋಗ್ಲಿ ಅಂತ. ಇದು ಬಿಳಿಯರ ಸೈನ್ಯದ್ದು. ಎರಡನೇ ಮಹಾಯುದ್ಧದ್ದು."

ಗುಂಪಿನಲ್ಲಿದ್ದ ಒಬ್ಬ ಮುದುಕರು ತಲೆದೂಗಿದರು. ಕೆರೆಯ ಪಕ್ಕದ ಬಯಲಿನಲ್ಲಿ ದಂಡು ಇಳಿದು ಡೇರೆ ಹೊಡೆದಿತ್ತು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಮೊಣಕಾಲೂರಿ ಪಟ್ಟಿಯನ್ನೇ ನೋಡಿದೆ. ಫಿರಂಗಿಯಿಂದ ಹಾರಿದ ಗುಂಡಾದರೆ ಪಟ್ಟಿಯ ಮೇಲೆ ನಳಿಗೆಯ ಗೆರೆಗಳು ಕೊರೆದಿರುತ್ತವೆ. ಇದರಲ್ಲಿ ಕೊರೆತವಿರಲಿಲ್ಲ. ಅಂದರೆ ಹಾರಿಸಿಯೇ ಇಲ್ಲ, ಒಳಗಿನ ಮದ್ದು ಒಳಗೇ ಇರಬಹುದು. ಸಿಪಾಯಿಗಳಿಗೆ ಅಭ್ಯಾಸ ಮಾಡಿಸಲು ಇಟ್ಟುಕೊಳ್ಳುವ ಖಾಲಿ ಗುಂಡೂ ಆಗಿರಬಹುದು. ಅಂಥದ್ದಕ್ಕೆ ಗುರುತಿಗೆ ಮೈಯಲ್ಲಿ ತೂತು ಕೊರೆದಿರುತ್ತಾರೆ. ಆದರೆ ಇದರ ಮೈಯೇ ಕಾಣುತ್ತಿರಲಿಲ್ಲ. ಇಂಥ ವಸ್ತುವಿನ ಮಣ್ಣು ಕೆರೆದು ನೋಡುವುದು ನಮ್ಮ ಕೆಲಸದಲ್ಲಿ ಮೊದಲನೇ ನಿಷೇಧ. ಕೆರೆದು ನೋಡಿದ ಒಬ್ಬ ಗೆಳೆಯನ ಬೂಟುಗಳನ್ನು ನಾನೇ ಅವನ ಮನೆಗೆ ಕಳಿಸಿದ್ದೆ.

"ಎಲ್ರೂ ಹಿಂದಕ್ಕೆ ಹೋಗಿ," ಎಂದೆ. ಯಾರೂ ಕದಲಲಿಲ್ಲ. ಆಗ ಪರೇಡಿನ ದನಿಯಲ್ಲಿ ಕೂಗಿದೆ. ಗುಂಪು ಚದುರಿತು. ಪಿಳ್ಳಪ್ಪ ಹೆದರಿ ಟವೆಲ್ ಬೀಳಿಸಿಕೊಂಡು ಓಡಿದ. ಎಷ್ಟೋ ವರ್ಷದ ಮೇಲೆ ನನ್ನ ಮಾತಿಗೆ ಅಷ್ಟು ಜನ ಒಟ್ಟಿಗೇ ಸರಿದಿದ್ದರು. ಎದೆ ಒಂದಿಷ್ಟು ಉಬ್ಬಿದ್ದೂ ನಿಜ.

ಪೊಲೀಸರಿಗೆ ಫೋನ್ ಮಾಡಲು ಹೊರಟಾಗ ಅಕ್ಕ ಹಿತ್ತಿಲ ಬಾಗಿಲಲ್ಲಿ ನನ್ನ ಕೈ ಹಿಡಿದಳು. ಅವಳ ಕೈಗೆ ಹೂರಣ ಮೆತ್ತಿತ್ತು.

"ವೆಂಕಟೇಶ, ಪೊಲೀಸ್ರು ಬಂದ್ರೆ ಏನಾಗ್ತದೆ?"

"ಬೆಂಗಳೂರಿಂದ ಬಾಂಬ್ ದಳ ಬರೋದು ನಾಳೆ ಆಗ್ತದೆ ಅಕ್ಕ. ಅದಕ್ಕೆ ಮುಂಚೆ ಸುತ್ತಮುತ್ತ ಮನೆ ಖಾಲಿ ಮಾಡಿಸ್ತಾರೆ."

"ನಾಳೆ ಮಾಲೂರೋರು ಬರ್ತಾರೋ!"

"ಗೊತ್ತು."

"ಎಂಬತ್ತು ವರ್ಷ ಸುಮ್ನೆ ಮಲಗಿದ್ದು ಇನ್ನೊಂದಿನ ಮಲಗಲ್ವೇನೋ? ಮೇಲೆ ಮಣ್ಣು ಹಾಕ್ಸು. ನಾಡಿದ್ದು ಹೇಳುವಂತೆ. ನಾನು ನಿನ್ನ ಹತ್ರ ಇದುವರ್ಗೂ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಆದರೆ ಆ ಗುಂಡಿಗೆ ಜೆಸಿಬಿಯ ಹಲ್ಲು ಬಡಿದಿತ್ತು. ಏಟು ತಿಂದದ್ದು ಇನ್ನು ಸುಮ್ಮನೆ ಮಲಗುತ್ತದೆಂದು ಹೇಳಲು ನನ್ನಿಂದಾಗಲಿಲ್ಲ. ನಾಳೆ ಬರುವ ನೆಂಟರ ಮಕ್ಕಳು ಆ ತೋಪಿಗೇ ಹಣ್ಣು ಆರಿಸಲು ಹೋಗುತ್ತಾರೆ. "ಆಗಲ್ಲ ಅಕ್ಕ," ಎಂದೆ. ಅವಳು ಕೈ ಬಿಟ್ಟಳು. ಒಳಗೆ ಪವಿತ್ರ ಮೆಹಂದಿ ಹಚ್ಚಿದ ಕೈ ಚಾಚಿಕೊಂಡು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮಾರನೇ ದಿನದ ಬೆಳಗನ್ನು ನಾನು ಹೇಗೆ ಹೇಳಲಿ? ರಾತ್ರಿಯೆಲ್ಲ ತೋಪಿಗೆ ಕಾವಲು ನಿಂತ ಪೊಲೀಸರು ಬೆಳಕು ಹರಿಯುತ್ತಲೇ ಮನೆ ಖಾಲಿ ಮಾಡಿಸಿದರು. ಊರಿನ ಆ ಭಾಗದ ಜನವೆಲ್ಲ ದನಕರು ಹೊಡೆದುಕೊಂಡು, ಮುದುಕರನ್ನು ಆಟೋಗೆ ಹತ್ತಿಸಿ, ಶಾಲೆಯ ಮೈದಾನಕ್ಕೆ ಹೋದರು. ಒಲೆಯ ಮೇಲಿದ್ದ ಪಾಯಸದ ಕೊಳಗವನ್ನು ಅಡುಗೆಯವರು ಹಾಗೇ ಬಿಟ್ಟು ನಡೆದರು. ಪಿಳ್ಳಪ್ಪನ ತೋಪಿಗೆ ಕಾಯಿ ಕೀಳಲು ಬಂದಿದ್ದ ಆಳುಗಳು ಬಾಂಬು ಎಂದ ಕೂಡಲೇ ಬಸ್ಸು ಹತ್ತಿದರು. ಲಾರಿ ಖಾಲಿಯಾಗಿ ವಾಪಸು ಹೋಯಿತು. ಮಾಲೂರಿನವರ ವ್ಯಾನನ್ನು ಪೇದೆಯೊಬ್ಬರು ಮೇನ್ ರೋಡಿನಲ್ಲೇ ತಡೆದರು. ಭಾವ ಓಡಿಹೋಗಿ ಕೈಮುಗಿದು ನಿಂತರು. ಗಂಡಿನವರು ಹುಣಸೆಮರದ ನೆರಳಲ್ಲಿ ಒಳ್ಳೇ ಹೊತ್ತು ಕಾದರು. ಗಳಿಗೆ ಮೀರಿದ ಮೇಲೆ, ಅವರಲ್ಲೊಬ್ಬ ಹಿರಿಯಾಕೆ "ಶಕುನ ಸರಿಯಿಲ್ಲ" ಎಂದು ಎದ್ದರು. ಒಂದು ಲೋಟ ನೀರೂ ಕುಡಿಯದೆ ವ್ಯಾನು ಹಿಂದಕ್ಕೆ ತಿರುಗಿತು.

ಬಾಂಬ್ ದಳ ಬಂದದ್ದು ಅದಾದ ಮೇಲೆ. ದಳದ ಮುಖ್ಯಸ್ಥರು ನನಗಿಂತ ತುಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಶಾಂತ ಸ್ವಭಾವದವರು. ದೂರದಿಂದ ಹಗ್ಗ ಎಳೆದು ಅದನ್ನು ಹೊರಳಿಸಿದರು. ಯಂತ್ರವಿಟ್ಟು ಒಳಗನ್ನು ನೋಡಿದರು. ಆಮೇಲೆ ಕೊಡದಿಂದ ನೀರು ಸುರಿದು ತೊಳೆಯತೊಡಗಿದಾಗಲೇ ನನಗೆ ಗೊತ್ತಾಯಿತು. ಅದರ ಎರಡೂ ಮಗ್ಗುಲಿನಿಂದ ಜೇಡಿಮಣ್ಣು ಬೆಣ್ಣೆಯ ಹಾಗೆ ಜಾರಿ ಬಿತ್ತು.

"ಸರ್, ಡ್ರಿಲ್ ರೌಂಡ್. ಅಭ್ಯಾಸದ ಖಾಲಿ ಗುಂಡು," ಎಂದು ಅವರು ಅದನ್ನೆತ್ತಿ ನನ್ನ ಕಣ್ಣ ಮುಂದೆ ಹಿಡಿದರು. ಈ ಕಡೆಯ ತೂತಿನಿಂದ ಆ ಕಡೆಯ ಆಕಾಶ ಕಂಡಿತು. ಬುಡದಲ್ಲಿ ಒತ್ತಿದ ಅಕ್ಷರಗಳ ನಡುವೆ 1941 ಎಂದಿತ್ತು. ಕಾಲದ ವಿಷಯದಲ್ಲಿ ನಾನು ತಪ್ಪಿರಲಿಲ್ಲ. ಅದು ಈಗ ಯಾರಿಗೆ ಬೇಕು?

"ನೀವು ಮಾಡಿದ್ದೇ ಸರಿ ಸರ್. ಮಣ್ಣಿನೊಳಗೆ ಯಾರಿಗೆ ಕಾಣ್ತದೆ?" ಎಂದರು ಅವರು. ಆದರೆ ಅಷ್ಟರಲ್ಲಿ ಹಗ್ಗದಾಚೆ ನಿಂತಿದ್ದ ಜನರಿಗೂ ಸುದ್ದಿ ಮುಟ್ಟಿತ್ತು. ಯಾರೋ, "ಅಯ್ಯೋ ದೇವುಡಾ, ತೂತು ಗುಂಡಂತಲೇ!" ಎಂದು ಕೂಗಿದರು. ನಗು ಎದ್ದಿತು. ಬೆಳಗಿನಿಂದ ಬಿಸಿಲಲ್ಲಿ ಹೆದರಿ ಕೂತಿದ್ದವರ ನಗು ಅದು, ಬೇಗ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ನನಗೆ ತೂತು ಸುಬೇದಾರ ಎಂದು ಹೆಸರಾಗಿತ್ತು.

ಮನೆಗೆ ಬಂದರೆ ಅಂಗಳದ ತುಂಬ ತಳ ಹಿಡಿದ ಪಾಯಸದ ಸೀದ ವಾಸನೆ. ಅಕ್ಕ ನನಗೆ ಬೈಯಲಿಲ್ಲ. ತಟ್ಟೆ ಇಟ್ಟು ಬಡಿಸಿದಳು, ಮುಖ ಮಾತ್ರ ನೋಡಲಿಲ್ಲ. ಚಪ್ಪರ ಬಿಚ್ಚಲು ನಾನೂ ಕೈಹಾಕಿದಾಗ ಭಾವ, "ಬಿಡು ವೆಂಕಟೇಶ, ನೀನು ಸುಸ್ತಾಗಿದ್ದೀಯ," ಎಂದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ವಾರ ಬಿಟ್ಟು ಭಾವನೂ ನಾನೂ ಮಾಲೂರಿಗೆ ಹೋದೆವು. ಹುಡುಗನ ತಂದೆ ನಂಜುಂಡಪ್ಪನವರು ಕೂರಿಸಿ ಕಾಫಿ ಕೊಟ್ಟರು. ನಾನು ನಡೆದದ್ದನ್ನು ಹೇಳಿದೆ. ಎಲ್ಲ ಕೇಳಿ ಅವರು, "ನಿಮ್ಮ ಹುಡುಗಿ ಮೇಲೆ ನಮಗೇನೂ ಬೇಜಾರಿಲ್ಲ," ಎಂದು ಶುರುಮಾಡಿದರು. "ಆದ್ರೆ ನೋಡಿ, ಶುಭಕಾರ್ಯದ ದಿನ ಒಂದು ಖಾಲಿ ಕಬ್ಬಿಣಕ್ಕೆ ಊರನ್ನೇ ಎಬ್ಬಿಸಿದ್ರಿ ಅಂದ್ರೆ... ನಮ್ಮ ಕಡೆ ಹೆಂಗಸ್ರು ಒಪ್ತಾ ಇಲ್ಲ. ಸ್ವಲ್ಪ ದಿನ ಹೋಗ್ಲಿ." ಸ್ವಲ್ಪ ದಿನ ಹೋಗಲಿ ಎಂದರೆ ಏನರ್ಥ ಎಂದು ಭಾವನಿಗೂ ಗೊತ್ತಿತ್ತು. ಬಸ್ಸಿನಲ್ಲಿ ಅವರು ಕೋಲಾರದವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

ಅದಾದ ಮೇಲೆ ನಾನು ಆ ದಿಕ್ಕಿಗೆ ಹೋಗುವುದನ್ನೇ ಬಿಟ್ಟೆ. ಟೊಮೆಟೊ ಮಂಡಿಯ ಹತ್ತಿರ ಆ ಊರಿನವರು ಕಂಡರೆ ರಸ್ತೆ ದಾಟಿಬಿಡುತ್ತಿದ್ದೆ. ನಾನು ಮಾಡಿದ್ದು ಸರಿ ಎಂದು ತಲೆ ಹೇಳುತ್ತಿತ್ತು. ಆದರೆ ನಾಚಿಕೆಗೆ ತಲೆಯ ಮಾತು ಕೇಳಿಸುವುದಿಲ್ಲ. ಬೆಳಕು ಹಾಯ್ದ ಆ ತೂತು ಹಗಲಿನಲ್ಲೂ ಕಣ್ಣಿಗೆ ಕಟ್ಟುತ್ತಿತ್ತು.

ತೋತಾಪುರಿ ಇನ್ನೂ ಮುಗಿದಿರಲಿಲ್ಲ. ಮೊದಲ ಮಳೆ ಜೋರಾಗಿ ಬಂತು. ಮರುದಿನ ಮಧ್ಯಾಹ್ನ ಭಾವನ ಫೋನು.

"ವೆಂಕಟೇಶ, ಪಿಳ್ಳಪ್ಪನ ಹೊಂಡದ ಪಕ್ಕ ಮಳೆಗೆ ಕುಸಿದೈತೆ. ಇನ್ನೊಂದು ಕಾಣ್ತಾ ಐತೆ. ಸಣ್ಣದು. ಯಾರಿಗೂ ಹೇಳಿಲ್ಲ. ನೀನು ಸುಮ್ನೆ ಬಂದು ನೋಡಿ ಹೋಗ್ಬಿಡು."

ಹೋದೆ. ಹೊಂಡದ ಹತ್ತಿರ ಪಿಳ್ಳಪ್ಪನ ಜೊತೆ ಒಂದಷ್ಟು ಜನ ಇದ್ದೇ ಇದ್ದರು. ಅವರ ತುಟಿಯಂಚಿನಲ್ಲಿ ನಗು ಕಾಯುತ್ತಿತ್ತು. "ನೋಡಿ ಸುಬೇದಾರ್ರೇ," ಎಂದ ಪಿಳ್ಳಪ್ಪ, "ಇದೂ ತೂತಿಂದೇ ಅಂದ್ರೆ ಗುಜರಿಯೋನಿಗೆ ಹಾಕ್ಬಿಡ್ತೀನಿ. ಕಾಯಿ ಕೀಳೋ ಆಳುಗಳು ಮೊನ್ನೆ ತಾನೇ ವಾಪಸ್ ಬಂದವ್ರೆ."

ಕುಸಿದ ಮಣ್ಣಿನಿಂದ ಅದರ ಬಾಲ ಹೊರಗೆ ಚಾಚಿತ್ತು. ಮಳೆನೀರೇ ತೊಳೆದಿದ್ದರಿಂದ ಚೆನ್ನಾಗಿ ಕಾಣುತ್ತಿತ್ತು. ಮೀನಿನ ರೆಕ್ಕೆಯಂಥ ತಗಡುಗಳು. ಕಾಲಾಳುಗಳು ನೆಲಕ್ಕೂರಿ ಹಾರಿಸುವ ಸಣ್ಣ ಮಾರ್ಟರಿನ ಬಾಂಬು. ರೆಕ್ಕೆಯ ಬುಡದಲ್ಲಿ 42 ಎಂಬ ಅಂಕಿ. ಅದೇ ದಂಡು, ಅದೇ ಯುದ್ಧ. ಬಗ್ಗಿ ಇನ್ನೊಂದು ಮಗ್ಗುಲಿನಿಂದ ನೋಡಿದೆ. ಮೂತಿಯಲ್ಲಿ ಫ್ಯೂಸು, ಎಂದರೆ ಬಾಂಬನ್ನು ಸಿಡಿಸುವ ಕೀಲು, ಹಾಗೇ ಇತ್ತು.

ಹೇಳಬೇಕಾದ್ದು ಒಂದೇ ಮಾತು, ಹೋದ ಸಲ ಹೇಳಿದ್ದೇ. ಆದರೆ ಇದೂ ಒಳಗೆ ಮರಳು ತುಂಬಿದ ಅಭ್ಯಾಸದ ಬಾಂಬೇ ಆಗಿದ್ದರೆ? ಮತ್ತೆ ಶಾಲೆಯ ಮೈದಾನ, ಮತ್ತೆ ಖಾಲಿ ಲಾರಿ, ಮತ್ತೆ ಆ ನಗು. ಕಣ್ಣೆತ್ತಿದೆ. ಹಿತ್ತಿಲ ಬಾಗಿಲಲ್ಲಿ ಅಕ್ಕ ನಿಂತು ಹೊಂಡದ ಕಡೆ ನೋಡುತ್ತಿದ್ದಳು.

"ಎಲ್ರೂ ಹಿಂದಕ್ಕೆ ಹೋಗಿ," ಎಂದೆ. ಈ ಸಲ ಕೂಗಲಾಗಲಿಲ್ಲ. ಬೇಡಿಕೊಂಡ ಹಾಗೆ ಕೇಳಿಸಿತು.

"ಮತ್ತೆ ಶುರುವಾಯ್ತು ಕಣ್ರಪ್ಪಾ," ಎಂದು ಯಾರೋ ಗೊಣಗಿದರು. ಆದರೂ ಹೋದರು. ಪಿಳ್ಳಪ್ಪ ಎಲ್ಲರಿಗಿಂತ ಕೊನೆಗೆ, ಬೀಡಿ ಹಚ್ಚಿಕೊಂಡು, ನಿಧಾನವಾಗಿ ಹೋದ.

ಮಾರನೇ ದಿನ ಬಂದದ್ದು ಅದೇ ದಳ, ಅದೇ ಅಧಿಕಾರಿ. ಈ ಸಲ ಅವರು ಅದನ್ನು ಮುಟ್ಟಲಿಲ್ಲ. "ಇದನ್ನ ಕದಲಿಸೋದು ಬೇಡ. ಇದ್ದಲ್ಲೇ ತೆಗೀಬೇಕು," ಎಂದು ಸುತ್ತ ಮರಳುಚೀಲ ಪೇರಿಸಿ, ಪಕ್ಕದಲ್ಲಿ ತಮ್ಮ ಮದ್ದು ಇಟ್ಟು, ದೂರದಿಂದ ಸಿಡಿಸಿದರು. ನೆಲ ಒಮ್ಮೆ ಎದ್ದು ಕೂತಂತಾಯಿತು. ತೋಪಿನ ಹಕ್ಕಿಗಳೆಲ್ಲ ಹಾರಿದವು. ಮರಗಳಿಂದ ಕಾಯಿಗಳು ದಬದಬ ಉದುರಿದವು. ಪಿಳ್ಳಪ್ಪನ ಬಾಯಿಂದ ಬೀಡಿ ಬಿತ್ತು. ಆಮೇಲೆ ಎಲ್ಲರೂ ಒಟ್ಟಿಗೇ ನನ್ನ ಕಡೆ ಓಡಿಬಂದರು. ಯಾರೋ ಕೈ ಕುಲುಕಿದರು, ಯಾರೋ ಕಾಲಿಗೇ ಬಿದ್ದರು. ಪಿಳ್ಳಪ್ಪ ನನ್ನನ್ನು ತಬ್ಬಿಕೊಂಡು, "ನನ್ನ ಪ್ರಾಣ ಉಳಿಸಿದ್ರಿ. ಗುಜರಿಗೆ ಅಂತ ಹಾರೆ ತಗೊಂಡು ಎಬ್ಬೋಕೆ ಹೊರಟಿದ್ನಲ್ಲಾ!" ಎಂದು ಅತ್ತೇಬಿಟ್ಟ.

ಬಿಡಿಸಿಕೊಂಡು ನಾನು ಅಧಿಕಾರಿಯ ಹತ್ತಿರ ಹೋದೆ. "ಮೇಡಂ, ಒಳಗೆ ಮದ್ದಿತ್ತಾ?"

ಅವರು ಕೈಗವಸು ಬಿಚ್ಚುತ್ತಾ ನನ್ನನ್ನು ನೋಡಿದರು. "ಹೇಳೋಕಾಗಲ್ಲ ಸರ್. ಆ ಸದ್ದಿಗೆ ನಾವಿಟ್ಟಿದ್ದೇ ಸಾಕು. ಚೂರುಗಳೂ ಕೈಗೆ ಸಿಗೋ ಹಾಗಿಲ್ಲ. ಇದ್ದಿರಬಹುದು, ಇಲ್ಲದೇನೂ ಇರಬಹುದು."

ಅದು ನನಗೂ ಗೊತ್ತಿತ್ತು. ಬಯಲಿನಲ್ಲಿ ಅಂಥವನ್ನು ಎಷ್ಟು ಸಿಡಿಸಿಲ್ಲ ನಾನು! ಸಿಡಿಸಿದ ಮದ್ದಿಗೂ ಸಿಡಿದ ಬಾಂಬಿಗೂ ಸದ್ದು ಒಂದೇ. ಜನರಿಗೆ ಹೇಳಿದೆ. "ನೋಡ್ರಪ್ಪಾ, ಆ ಸದ್ದು ಅವರಿಟ್ಟ ಮದ್ದಿಂದಿರಬಹುದು. ಇದೂ ಖಾಲಿ ಇದ್ದಿರಬಹುದು." ಯಾರೂ ಕೇಳಲಿಲ್ಲ. "ನೋಡ್ರೋ ದೊಡ್ಡಗುಣ!" ಎಂದರು. ಒಬ್ಬ ಸಿಡಿತದ ವಿಡಿಯೋ ಮಾಡಿದ್ದ. ಸಂಜೆಯೊಳಗೆ ಅದು ಶ್ರೀನಿವಾಸಪುರ ದಾಟಿ, ಮುಳಬಾಗಿಲು, ಕೋಲಾರ ಸುತ್ತಿ, ಮಾಲೂರನ್ನೂ ಮುಟ್ಟಿತು. ತೂತು ಸುಬೇದಾರ ಸತ್ತು ಬಾಂಬ್ ಸುಬೇದಾರ ಹುಟ್ಟಿದ.

ಎರಡು ದಿನಕ್ಕೆ ನಂಜುಂಡಪ್ಪನವರ ಫೋನು ಬಂತು. ಹೆಂಗಸರು ಒಪ್ಪಿದ್ದಾರಂತೆ. ಊರು ಉಳಿಸಿದ ಮನುಷ್ಯ ಹುಡುಗಿಯ ಸೋದರಮಾವ ಎಂದರೆ ಅದಕ್ಕಿಂತ ಶಕುನ ಬೇಕೇ ಎಂದರಂತೆ. ನಾನು ಭಾವನಿಗೆ, "ಅವರಿಗೆ ನಿಜ ಹೇಳ್ಬೇಕು. ಅದರೊಳಗೆ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ," ಎಂದೆ. ಭಾವ ಕೈ ಕೊಡವಿದರು. "ಪೋನೀಲೇ ವೆಂಕಟೇಶ! ಬಿಟ್ಟಾಕು. ಇದ್ರೇನು, ಇಲ್ದಿದ್ರೇನು? ಹೆಣ್ಣಿನ ಕೆಲಸ ಆಯ್ತಲ್ಲ."

ಮಳೆ ಹಿಡಿದುಕೊಂಡ ಒಂದು ದಿನ ನಿಶ್ಚಿತಾರ್ಥವಾಯಿತು. ತಾಂಬೂಲ ಬದಲಾದ ಮೇಲೆ ನಂಜುಂಡಪ್ಪನವರು ನನ್ನನ್ನು ಮುಂದಕ್ಕೆ ಕರೆದು, ಶಾಲು ಹೊದಿಸಿ, ಪೇಟ ತೊಡಿಸಿದರು. ಬಾಡಿಗೆಗೆ ತಂದ ಮೈಕನ್ನು ಯಾರೋ ಕೈಗಿತ್ತರು. ಮೊದಲನೇ ಸಲ ಜನ ನಕ್ಕಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ಆಗ ಆಯಿತು. ಅಂದಿನ ನಗುವನ್ನು ನಾನು ಬೇಡಿರಲಿಲ್ಲ, ಇಂದಿನ ಶಾಲನ್ನೂ ಬೇಡಿರಲಿಲ್ಲ. ಆದರೆ ನಗುವನ್ನು ತಡೆದುಕೊಳ್ಳಬಹುದಿತ್ತು.

"ಎರಡನೇದರೊಳಗೆ ಮದ್ದಿತ್ತೋ ಇಲ್ವೋ ನನಗೆ ಗೊತ್ತಿಲ್ಲ," ಎಂದೆ ಮೈಕಿನಲ್ಲಿ. "ಮೊದಲ್ನೇದರ ವಿಷಯದಲ್ಲೂ ಗೊತ್ತಿರಲಿಲ್ಲ. ಅಷ್ಟೇ ನಾನು ಹೇಳೋದು." ಚಪ್ಪಾಳೆ ಬಿತ್ತು. ನಂಜುಂಡಪ್ಪನವರು ಪಕ್ಕದವರಿಗೆ, "ಮಿಲಿಟರಿಯೋರು ಹಂಗೇ, ಹೇಳ್ಕೊಳ್ಳಲ್ಲ," ಎಂದದ್ದು ನನಗೂ ಕೇಳಿಸಿತು.

ಊಟಕ್ಕೆ ಎಲ್ಲರೂ ಏಳುವಾಗ ನಾನು ಹಿತ್ತಿಲಿಗೆ ಹೋಗಿ ಪೇಟ ತೆಗೆದು ನಿಂತಿದ್ದೆ. ಪವಿತ್ರ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬಂದಳು.

"ಮಾವ, ಅವತ್ತು ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈದಿದ್ದೆ ಗೊತ್ತಾ?"

"ಬೈಬೇಕಾದ್ದೇ ಕಣಮ್ಮ."

"ಎರಡನೇದು ಸಿಕ್ಕಾಗ ಅಪ್ಪನೂ ಪಿಳ್ಳಪ್ಪನೂ ಗುಜರಿಗೆ ಹಾಕೋಣ ಅಂತಾನೇ ಮಾತಾಡ್ಕೊಂಡಿದ್ರು. ನಿಮಗೆ ಫೋನ್ ಮಾಡಿ ಅಂತ ಹಟ ಹಿಡಿದಿದ್ದು ನಾನು."

ನನಗೆ ನಂಬಲಾಗಲಿಲ್ಲ. "ನೀನಾ? ಯಾಕಮ್ಮ?"

"ಅವತ್ತು ಅಮ್ಮ ಅಷ್ಟು ಬೇಡ್ಕೊಂಡ್ರೂ ನೀವು ಆಗಲ್ಲ ಅಂದ್ರಲ್ಲ. ಆಗಲ್ಲ ಅನ್ನುವಾಗ ನಿಮ್ಮ ದನಿ ನಡುಗ್ತಿತ್ತು. ನಾನು ಒಳಗಿಂದ ಕೇಳಿಸ್ಕೊಂಡೆ. ಅಷ್ಟು ಕಷ್ಟಪಟ್ಟು ಹೇಳಿದೋರು ಸುಮ್ನೆ ಹೇಳಲ್ಲ ಅನ್ನಿಸ್ತು."

"ಪವಿತ್ರ, ನಾನು ಈಗ ಅಲ್ಲಿ ಹೇಳಿದ್ದು ನಿಜಾನೇ ಕಣಮ್ಮ. ದೊಡ್ಡಗುಣಕ್ಕೆ ಹೇಳಿದ್ದಲ್ಲ."

"ಗೊತ್ತು ಮಾವ," ಎಂದಳು. "ನಾನೊಬ್ಳು ಕೇಳಿಸ್ಕೊಂಡೆ."

ಅಷ್ಟರಲ್ಲಿ ಪಂಕ್ತಿಯಿಂದ ಅಕ್ಕ ಕೂಗಿದಳು. ಒಳಗೆ ಹೋದೆ. ನಂಜುಂಡಪ್ಪನವರು ಪಕ್ಕದ ಎಲೆಗೇ ಕೂರಿಸಿಕೊಂಡರು. ಅಕ್ಕ ಬಂದು ನನ್ನ ಎಲೆಗೆ ಪಾಯಸ ಬಡಿಸಿ, ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ, "ಇನ್ನೊಂದು ಸೌಟು ಹಾಕಲೇನೋ?" ಎಂದಳು. ನಾನು ಬೇಡ ಎನ್ನಲಿಲ್ಲ. ತಲೆ ಎತ್ತದೆ ಎಲೆಯ ಮೇಲೆ ಕೈ ಆಡಿಸುತ್ತಾ ಕೂತೆ.